ಸಂಸ್ಥೆಗಳ ಮಾಳಿಗೆಯ ಮೇಲೆ ಸೌರ ಫಲಕಗಳು: ಆಯವ್ಯಯದ ವಿಚಾರ

ಮಲಪ್ರಭೆಯ ನೀರನ್ನು ನವಿಲುತೀರ್ಥದಲ್ಲಿ ತಡೆದು ಕಾಲುವೆಗೆ ಹರಿಯಿಸಿದ್ದಾಯಿತು. ಸವದತ್ತಿಯ ಗುಡ್ಡಗಳ ಮೇಲಿನ ಗಾಳಿಯಿಂದ ವಿದ್ಯುತ್ತನ್ನು ಪಡೆದದ್ದೂ ಆಯಿತು. ಈಗ ಬಿಸಿಲಿನ ಸರದಿ ಬಂದಿರುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಈ ನಾಲ್ಕು ತಾಲೂಕುಗಳ ಸಹಕಾರಿ ಸಂಘ, ಗ್ರಾಮಪಂಚಾಯತಿ, ಶಾಲಾ ಮಂಡಳ, ಮಠ ಮತ್ತು ಗುಡಿಗಳ ಪ್ರಮುಖರ ಮುಂದೆ "ನಮ್ಮ ಮಾಳಿಗೆಯ ಮೇಲೂ ಸೌರ ಫಲಕ ಹಾಕಿಸಬೇಕೆ?" ಎಂಬ ಪ್ರಶ್ನೆ ನಿಂತಿದೆ. ಫಲಕ ಮಾರುವವರು ಹಾಕಿದ ಹಣ ನಾಲ್ಕೇ ವರ್ಷಗಳಲ್ಲಿ ತಿರುಗಿ ಬರುವದೆಂದೂ, ಮುಂದೆ ಇಪ್ಪತ್ತು ವರ್ಷ ವಿದ್ಯುತ್ತು ಪುಕ್ಕಟೆಯೆಂದೂ ಹೇಳುವದುಂಟು. ಈ ಮಾತು ಕೆಲವು ಸಂಸ್ಥೆಗಳ ಮಟ್ಟಿಗೆ ಸತ್ಯಕ್ಕೆ ಸಮೀಪವಾದದ್ದು. ಕೆಲವಕ್ಕೆ ಪೂರ್ಣ ತಪ್ಪಾದದ್ದು.

ಒಬ್ಬ ಒಕ್ಕಲಿಗನು ತನ್ನ ಹಣದಿಂದ ಫಲಕ ಕೊಂಡು ನಷ್ಟಪಟ್ಟರೆ ಆ ನಷ್ಟವು ಅವನ ಮನೆಯಲ್ಲಿಯೇ ನಿಲ್ಲುವದು. ಸಂಸ್ಥೆಯ ಮಾತು ಹಾಗಲ್ಲ. ೧೯೦೫ರಲ್ಲಿ ನೆರೆಯ ಗದಗ ತಾಲೂಕಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲನೆಯ ಸಹಕಾರಿ ಪತ್ತಿನ ಸಂಘವನ್ನು ಕಟ್ಟಿದಂದಿನಿಂದ ಸಂಘದ ಭಾಂಡವಲು ಎಂದರೆ ನೂರಾರು ಮನೆಗಳ ಷೇರು ಮತ್ತು ಠೇವು. ಪಂಚಾಯತಿಯ ಹಣ ಊರ ಕರದ ಹಣ. ಗುಡಿಯ ಹಣ ಭಕ್ತರ ಕಾಣಿಕೆ. ಆದಕಾರಣ ಠರಾವು ಮಾಡುವ ಮೊದಲು ಪ್ರಮುಖರು ತಾವೇ ಲೆಕ್ಕ ಹಾಕಿ ನೋಡತಕ್ಕದ್ದು. ಲೆಕ್ಕವು ಕಠಿಣವಾದದ್ದಲ್ಲ. ಒಂದು ವರ್ಷದ ವಿದ್ಯುತ್ ಬಿಲ್ಲುಗಳೂ ಅರ್ಧ ದಿನದ ಹೊತ್ತೂ ಇದ್ದರೆ ಸಾಕು.

೧. ಫಲಕದ ಕೆಲಸ

ಸಿಲಿಕಾನ್ ಎಂಬ ಪದಾರ್ಥದ ತೆಳು ಬಿಲ್ಲೆಗಳ ಮೇಲೆ ಬೆಳಕು ಬಿದ್ದಾಗ ವಿದ್ಯುತ್ ಹುಟ್ಟುತ್ತದೆ. ೧೯೫೪ರಲ್ಲಿ ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಕೆಲಸಕ್ಕೆ ಬರುವಂಥ ಮೊದಲನೆಯ ಬಿಲ್ಲೆ ತಯಾರಾಯಿತು. ಫಲಕದಿಂದ ಬರುವದು ಏಕಮುಖ ಪ್ರವಾಹ. ಅದನ್ನು ಇನ್ವರ್ಟರ್ ಎಂಬ ಯಂತ್ರವು ಮೋಟರು, ದೀಪಗಳಿಗೆ ತಕ್ಕ ಪರ್ಯಾಯ ಪ್ರವಾಹವಾಗಿ ಮಾಡಿ ಕೊಡುತ್ತದೆ.

ಒಂದು ಕಿಲೋವ್ಯಾಟ್ ಫಲಕಗಳಿಗೆ ನೆರಳಿಲ್ಲದ ಸುಮಾರು ೧೦೦ ಚದರ ಅಡಿ ಜಾಗ ಬೇಕು. ನಮ್ಮ ಭಾಗದಲ್ಲಿ ಅಷ್ಟು ಫಲಕಗಳಿಂದ ಸರಾಸರಿ ದಿನಕ್ಕೆ ಸುಮಾರು ೪ ಯುನಿಟ್ ದೊರೆಯುತ್ತದೆ. ಮುಂಗಾರಿನ ಮೋಡ, ಧೂಳು, ಕರೆಂಟು ಹೋಗುವ ಹೊತ್ತು ಇವುಗಳನ್ನು ಕಳೆದು ವರ್ಷಕ್ಕೆ ೧,೪೦೦ ಯುನಿಟ್ ಎಂದು ಹಿಡಿಯುವದು ಸುರಕ್ಷಿತ. ಏಪ್ರಿಲ್ ಮೇ ತಿಂಗಳುಗಳ ಬಿಸಿಲು ಪ್ರಖರವಾದರೂ ಫಲಕವು ಕಾದಷ್ಟೂ ಅದರ ಉತ್ಪನ್ನವು ತುಸು ಇಳಿಯುತ್ತದೆಂಬದನ್ನು ನೆನಪಿಡಬೇಕು. ನಮ್ಮ ತಾಲೂಕುಗಳು ೧೬ನೆಯ ಅಕ್ಷಾಂಶದ ಆಸುಪಾಸಿನಲ್ಲಿರುವದರಿಂದ ಫಲಕಗಳನ್ನು ದಕ್ಷಿಣಕ್ಕೆ ಮುಖಮಾಡಿ ಸುಮಾರು ೧೫ ಅಂಶಗಳಷ್ಟು ಓರೆಯಾಗಿ ಕೂಡ್ರಿಸುವದು ಯೋಗ್ಯ.

ಬ್ಯಾಟರಿಯಿಲ್ಲದ ಸಾಮಾನ್ಯ ಜೋಡಣೆಯಲ್ಲಿ, ಲೈನಿನ ಕರೆಂಟು ಹೋದಾಗ ಸೌರ ಯಂತ್ರವೂ ತಾನಾಗಿ ನಿಲ್ಲುತ್ತದೆ. ತಂತಿ ದುರಸ್ತಿ ಮಾಡುವ ಕೆಲಸಗಾರನ ಪ್ರಾಣಕ್ಕೆ ಅಪಾಯವಾಗದಿರಲೆಂದು ಈ ಏರ್ಪಾಡು ಮಾಡಲಾಗಿರುತ್ತದೆ. ಇದನ್ನು ತಿಳಿಯದೆ "ಕರೆಂಟು ಹೋದರೂ ಗಿರಣಿ ನಡೆಯುವದು" ಎಂಬ ಆಸೆಯಿಂದ ಫಲಕ ಹಾಕಿಸಿದವರು ನಿರಾಶರಾಗುವರು. ಪಂಪುಸೆಟ್ಟುಗಳ ಲೈನಿನ ಮೇಲಿರುವ ಕಟ್ಟಡಗಳಿಗೆ ಇದು ವಿಶೇಷ ಹಾನಿಕರ. ಅಲ್ಲಿ ತ್ರೀ ಫೇಸ್ ವಿದ್ಯುತ್ತು ದಿನಕ್ಕೆ ಕೆಲವೇ ಗಂಟೆ ಇರುವದರಿಂದ ಉಳಿದ ಹೊತ್ತಿನ ಬಿಸಿಲು ವ್ಯರ್ಥವಾಗಬಹುದು. ಊರೊಳಗಿನ ನಿರಂತರ ಜ್ಯೋತಿ ಲೈನಿನ ಮೇಲಿರುವ ಸಂಸ್ಥೆಗಳಿಗೆ ಈ ತೊಂದರೆ ಕಡಿಮೆ.

೨. ಒಂದೇ ಬಿಸಿಲಿಗೆ ಬೇರೆ ಬೇರೆ ಬೆಲೆ

ಸೌರ ಫಲಕದ ಲಾಭವೆಂದರೆ ಕೊಳ್ಳದೆ ಉಳಿದ ಯುನಿಟ್ಟಿನ ಬೆಲೆ. ಕೊಳ್ಳುವ ಬೆಲೆಯೇ ಇಲ್ಲದಲ್ಲಿ ಉಳಿತಾಯವೂ ಇಲ್ಲ. ಹತ್ತು ಅಶ್ವಶಕ್ತಿಯ ವರೆಗಿನ ನೀರಾವರಿ ಪಂಪುಸೆಟ್ಟುಗಳ ವಿದ್ಯುತ್ ವೆಚ್ಚವನ್ನು ರಾಜ್ಯ ಸರಕಾರವೇ ಭರಿಸುತ್ತದೆ. ಆದ್ದರಿಂದ ಹೊಲದ ಬಾವಿಯ ಮೇಲೆ ಸೌರ ಪಂಪು ಹಾಕಿದರೆ ಹಗಲು ನೀರು ಸಿಗುವ ಅನುಕೂಲ ಉಂಟು, ಬಿಲ್ಲಿನ ಉಳಿತಾಯವಿಲ್ಲ. ೨೦೨೩ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಿಂದ ಮನೆಗಳಿಗೆ ೨೦೦ ಯುನಿಟ್ಟುಗಳ ಮಿತಿಯೊಳಗೆ ಬಿಲ್ಲಿಲ್ಲ. ಅದೇ ವರ್ಷದ ನವೆಂಬರದಲ್ಲಿ ಸರಕಾರಿ ಶಾಲೆ ಕಾಲೇಜುಗಳಿಗೂ ಉಚಿತ ವಿದ್ಯುತ್ತನ್ನು ಘೋಷಿಸಲಾಯಿತು. ರಾಮದುರ್ಗದ ಕಡೆಯ ನೇಕಾರರ ಸಣ್ಣ ವಿದ್ಯುತ್ ಮಗ್ಗಗಳಿಗೂ ಸರಕಾರದ ರಿಯಾಯಿತಿ ಇರುತ್ತದೆ.

ಆದರೆ ಸಹಕಾರಿ ಸಂಘದ ಗಿರಣಿ, ಎಣ್ಣೆ ಗಾಣ, ಶೀತಲ ಉಗ್ರಾಣ, ಖಾಸಗಿ ಶಾಲೆ, ದವಾಖಾನೆ, ಕಲ್ಯಾಣ ಮಂಟಪ ಇವು ತಮ್ಮ ತಮ್ಮ ವರ್ಗದ ಪೂರ್ಣ ದರವನ್ನು ಕೊಡುತ್ತವೆ. ಅಂದಮೇಲೆ ಊರಲ್ಲಿ ಬಿಸಿಲಿನ ಯುನಿಟ್ಟಿಗೆ ಎಲ್ಲಕ್ಕೂ ಹೆಚ್ಚಿನ ಬೆಲೆ ಸಿಗುವದು ಇಂಥ ಸಂಸ್ಥೆಗಳಲ್ಲಿಯೇ. ಅದೂ ಅವು ಹಗಲು ವಿದ್ಯುತ್ತನ್ನು ಬಳಸುವವಾದರೆ ಮಾತ್ರ. ಇದೇ ಈ ವಿಷಯದ ತಿರುಳು. ಮಾಳಿಗೆ ಎಷ್ಟು ದೊಡ್ಡದೆಂಬದನ್ನು ನೋಡಿ ಯಂತ್ರದ ಅಳತೆಯನ್ನು ಗೊತ್ತುಮಾಡಬಾರದು. ಬಿಲ್ಲನ್ನೂ ಹಗಲಿನ ಬಳಕೆಯನ್ನೂ ನೋಡಿ ಗೊತ್ತುಮಾಡಬೇಕು.

ಬಳಸದೆ ಉಳಿದ ಯುನಿಟ್ಟು ಹೆಸ್ಕಾಂ ಲೈನಿಗೆ ಹೋಗುತ್ತದೆ. ಅದರ ಲೆಕ್ಕಕ್ಕೆ ಬೇರೆ ಬೇರೆ ಪದ್ಧತಿಗಳಿವೆ. ನೆಟ್ ಮೀಟರಿಂಗ್ ಎಂಬ ಪದ್ಧತಿಯಲ್ಲಿ ಲೈನಿಗೆ ಕೊಟ್ಟ ಯುನಿಟ್ಟನ್ನು ಆ ತಿಂಗಳು ಲೈನಿನಿಂದ ಪಡೆದ ಯುನಿಟ್ಟಿನಲ್ಲಿ ಕಳೆದು, ಇನ್ನೂ ಹೆಚ್ಚಾದದ್ದಕ್ಕೆ ಮಾತ್ರ ಗೊತ್ತುಪಡಿಸಿದ ದರದಂತೆ ಹಣ ಕೊಡುತ್ತಾರೆ. ಬೇರೆ ಪದ್ಧತಿಗಳಲ್ಲಿ ಲೈನಿಗೆ ಹೋದ ಪ್ರತಿ ಯುನಿಟ್ಟಿಗೂ ಆ ಕಡಿಮೆ ದರವೇ ದೊರೆಯುವದು. ಯಾವ ವರ್ಗಕ್ಕೆ ಯಾವ ಪದ್ಧತಿ ಎಂಬದು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗದ ಆಜ್ಞೆಗಳಿಗೆ ಒಳಪಟ್ಟದ್ದು. ಸಂಸ್ಥೆಯು ತನ್ನ ಮೀಟರಿನ ವರ್ಗಕ್ಕೆ ಅನ್ವಯಿಸುವ ಪದ್ಧತಿಯನ್ನೂ ದರವನ್ನೂ ಹೆಸ್ಕಾಂ ಕಚೇರಿಯಿಂದ ಲಿಖಿತವಾಗಿ ಪಡೆಯತಕ್ಕದ್ದು.

೩. ಎರಡು ಸಂಸ್ಥೆಗಳ ಲೆಕ್ಕ

ಕೆಳಗಿನ ಎರಡೂ ಸಂಸ್ಥೆಗಳು ಎಣಿಕೆಗಾಗಿ ಕಲ್ಪಿಸಿಕೊಂಡವು, ದರಗಳೂ ಹಾಗೆಯೇ. ಓದುವವರು ಇವುಗಳ ಸ್ಥಾನದಲ್ಲಿ ತಮ್ಮ ಬಿಲ್ಲಿನ ಮತ್ತು ತಮಗೆ ಬಂದ ದರಪಟ್ಟಿಯ ಅಂಕಿಗಳನ್ನು ಇಟ್ಟು ನೋಡಬೇಕು. ಎರಡೂ ಕಡೆ ೧೦ ಕಿಲೋವ್ಯಾಟ್ ಯಂತ್ರ, ಬೆಲೆ ರೂ. ೫,೫೦,೦೦೦, ವರ್ಷದ ಉತ್ಪನ್ನ ೧೪,೦೦೦ ಯುನಿಟ್, ಕೊಳ್ಳುವ ಯುನಿಟ್ಟಿಗೆ ರೂ. ೭, ಲೈನಿಗೆ ಮಾರಿದ್ದಕ್ಕೆ ರೂ. ೩ ಎಂದು ಹಿಡಿಯಲಾಗಿದೆ.

ಮೊದಲನೆಯದು, ಹಿಟ್ಟಿನ ಗಿರಣಿ ಮತ್ತು ಎಣ್ಣೆ ಗಾಣವುಳ್ಳ ಸಹಕಾರಿ ಸಂಘ. ಕೆಲಸವೆಲ್ಲ ಹಗಲಿನದು.
ಸ್ವಂತಕ್ಕೆ ಬಳಸಿದ್ದು ೧೧,೫೦೦ ಯುನಿಟ್: ರೂ. ೮೦,೫೦೦
ರಜೆಯ ದಿನಗಳಲ್ಲಿ ಲೈನಿಗೆ ಹೋದದ್ದು ೨,೫೦೦ ಯುನಿಟ್: ರೂ. ೭,೫೦೦
ಒಟ್ಟು: ರೂ. ೮೮,೦೦೦
ತೊಳೆಯುವ ಕೂಲಿ, ವಿಮೆ, ಸಣ್ಣ ದುರಸ್ತಿ: ರೂ. ೮,೦೦೦
ಹೊಸ ಇನ್ವರ್ಟರಿಗಾಗಿ ಪ್ರತಿ ವರ್ಷ ತೆಗೆದಿಡುವದು: ರೂ. ೫,೦೦೦
ನಿಕ್ಕಿ ಉಳಿತಾಯ: ರೂ. ೭೫,೦೦೦

ಸ್ವಂತ ಹಣ ಹಾಕಿ ಬಡ್ಡಿಯನ್ನು ಹಿಡಿಯದಿದ್ದರೆ ಏಳು ವರ್ಷ ನಾಲ್ಕು ತಿಂಗಳುಗಳಲ್ಲಿ ಹಾಕಿದ ಹಣ ಬರುವದು. ಆದರೆ ಆ ಹಣ ಬ್ಯಾಂಕಿನ ಠೇವಿನಲ್ಲಿದ್ದರೆ ನೂರಕ್ಕೆ ೭ರಂತೆ ಬಡ್ಡಿ ತರುತ್ತಿತ್ತೆಂದು ಹಿಡಿದರೆ ಅವಧಿಯು ಸುಮಾರು ಹತ್ತೂವರೆ ವರ್ಷವಾಗುವದು. ನೂರಕ್ಕೆ ೧೦ರ ಬಡ್ಡಿಯ ಸಾಲ ಮಾಡಿದರೆ ಮೊದಲ ವರ್ಷದ ಉಳಿತಾಯದಲ್ಲಿ ರೂ. ೫೫,೦೦೦ ಬಡ್ಡಿಗೇ ಹೋಗಿ ಅಸಲಿಗೆ ರೂ. ೨೦,೦೦೦ ಮಾತ್ರ ಉಳಿಯುವದು. ಸಾಲ ತೀರಲು ಸುಮಾರು ಹದಿನಾಲ್ಕು ವರ್ಷ ಬೇಕಾಗುವದು. ಫಲಕದ ಆಯುಷ್ಯ ೨೫ ವರ್ಷವಾದ್ದರಿಂದ ಈ ಸಂಘಕ್ಕೆ ಮೂರೂ ರೀತಿಯಲ್ಲಿ ಲಾಭವೇ. ನೆಟ್ ಮೀಟರಿಂಗ್ ದೊರೆತರೆ ವರ್ಷಕ್ಕೆ ಇನ್ನೂ ರೂ. ೧೦,೦೦೦ ಹೆಚ್ಚು ಉಳಿಯುವದು. ಆದರೂ "ನಾಲ್ಕೇ ವರ್ಷ" ಎಂಬ ಮಾತು ಎಲ್ಲಿಯೂ ನಿಲ್ಲಲಿಲ್ಲ.

ಎರಡನೆಯದು, ಯಾತ್ರಿಕರು ಇಳಿದುಕೊಳ್ಳುವ ಛತ್ರ ಮತ್ತು ಸಮುದಾಯ ಭವನ. ವರ್ಷದ ಬಳಕೆ ೯,೦೦೦ ಯುನಿಟ್. ಅದರಲ್ಲಿ ಹಗಲಿನದು ೩,೦೦೦ ಮಾತ್ರ. ನೆಟ್ ಮೀಟರಿಂಗ್ ಇಲ್ಲದಿದ್ದರೆ ಸ್ವಂತ ಬಳಕೆಯಿಂದ ರೂ. ೨೧,೦೦೦, ಮಾರಿದ ೧೧,೦೦೦ ಯುನಿಟ್ಟಿನಿಂದ ರೂ. ೩೩,೦೦೦, ಒಟ್ಟು ರೂ. ೫೪,೦೦೦. ಖರ್ಚು ರೂ. ೧೩,೦೦೦ ಕಳೆದರೆ ರೂ. ೪೧,೦೦೦. ಸ್ವಂತ ಹಣವಾದರೆ ಹದಿಮೂರು ವರ್ಷ ಮೀರುವದು. ಸಾಲವಾದರೆ ಬಡ್ಡಿಯೇ ರೂ. ೫೫,೦೦೦, ಉಳಿತಾಯವೆಲ್ಲ ಬಡ್ಡಿಗೂ ಸಾಲದು, ಸಾಲವು ಎಂದಿಗೂ ತೀರದು. ಅದೇ ಭವನಕ್ಕೆ ನೆಟ್ ಮೀಟರಿಂಗ್ ದೊರೆತು ಬಳಕೆಯು ಎಲ್ಲ ತಿಂಗಳುಗಳಲ್ಲಿ ಸಮನಾಗಿದ್ದರೆ ನಿಕ್ಕಿ ಉಳಿತಾಯ ರೂ. ೬೫,೦೦೦ಕ್ಕೆ ಏರುವದು, ಆಗಲೂ ಸಾಲ ತೀರಲು ಸುಮಾರು ಇಪ್ಪತ್ತು ವರ್ಷ ಹಿಡಿಯುವದು.

ಯಂತ್ರ, ಬಿಸಿಲು, ಬೆಲೆ ಎಲ್ಲವೂ ಒಂದೇ ಆಗಿದ್ದರೂ ಒಂದು ಸಂಸ್ಥೆಗೆ ಲಾಭ, ಇನ್ನೊಂದಕ್ಕೆ ಸಾಲದ ಹೊರೆ. ಈ ಭವನದವರು ೧೦ರ ಬದಲು ೩ ಕಿಲೋವ್ಯಾಟ್ ಯಂತ್ರವನ್ನು ರೂ. ೧,೮೦,೦೦೦ಕ್ಕೆ ಹಾಕಿಸಿದರೆ ಖರ್ಚು ಕಳೆದು ವರ್ಷಕ್ಕೆ ಸುಮಾರು ರೂ. ೧೯,೬೦೦ ಉಳಿದು, ಸ್ವಂತ ಹಣವು ಒಂಬತ್ತು ವರ್ಷಗಳಲ್ಲಿ ತಿರುಗಿ ಬರುವದು. ಇಂಥ ಕೆಲಸವು ಕಾಣಿಕೆ ಅಥವಾ ಉಳಿಕೆಯ ಹಣಕ್ಕೆ ತಕ್ಕದ್ದು; ಸಾಲಕ್ಕೆ ತಕ್ಕದ್ದಲ್ಲ.

೪. ಯಾವ ಸಂಸ್ಥೆಗೆ ಹೇಗೆ?

ಗಿರಣಿ, ಗಾಣ, ಶೀತಲ ಉಗ್ರಾಣವುಳ್ಳ ಸಂಘಗಳು ಮೊದಲನೆಯ ದರ್ಜೆಯವು. ಬರೇ ಕಚೇರಿ ಮತ್ತು ಗೊಬ್ಬರದ ಅಂಗಡಿ ಇರುವ ಪತ್ತಿನ ಸಂಘಕ್ಕೆ ಒಂದೆರಡು ಕಿಲೋವ್ಯಾಟಿಗಿಂತ ಹೆಚ್ಚಿನ ಅವಶ್ಯಕತೆ ಬೀಳುವದು ವಿರಳ. ಬೈಲಹೊಂಗಲದ ಕಡೆ ಹತ್ತಿಯ ಜಿನ್ನಿಂಗ್ ಕೆಲಸವು ಹಗಲಿನದಾದರೂ ಸುಗ್ಗಿಯ ಕೆಲವೇ ತಿಂಗಳುಗಳದು. ಉಳಿದ ತಿಂಗಳುಗಳ ಉತ್ಪನ್ನಕ್ಕೆ ಏನು ಬೆಲೆ ಸಿಗುವದೆಂಬದನ್ನು ಮೊದಲು ನೋಡಬೇಕು.

ಗ್ರಾಮಪಂಚಾಯತಿಯ ಕುಡಿಯುವ ನೀರಿನ ಪಂಪು ವಿಚಾರ ಮಾಡತಕ್ಕ ವಸ್ತು. ನೀರನ್ನು ಹಗಲೇ ಎತ್ತಿ ಮೇಲಿನ ಟಾಕಿಯಲ್ಲಿ ತುಂಬಿಟ್ಟರೆ ರಾತ್ರಿ ಬೆಳಗು ನಲ್ಲಿಗೆ ಬಿಡಬಹುದು. ಅಂದರೆ ಟಾಕಿಯೇ ಬ್ಯಾಟರಿಯ ಕೆಲಸ ಮಾಡುತ್ತದೆ, ಬ್ಯಾಟರಿಯ ಖರ್ಚಿಲ್ಲದೆ. ನಸುಕಿನಲ್ಲಿ ಪಂಪು ಹಚ್ಚುವ ರೂಢಿಯನ್ನು ಬಿಟ್ಟು ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರ ವರೆಗೆ ಹಚ್ಚುವದೊಂದೇ ಬೇಕಾದ ಬದಲಾವಣೆ. ಆದರೆ ನೀರು ಸರಬರಾಜಿನ ದರವು ವ್ಯಾಪಾರಿ ದರದಿಂದ ಭಿನ್ನವಾದ್ದರಿಂದ ಬಿಲ್ಲಿನ ದರವನ್ನೇ ಹಿಡಿದು ಎಣಿಸಬೇಕು. ಬೀದಿದೀಪಗಳು ರಾತ್ರಿಯವು; ಬ್ಯಾಟರಿ ಸಹಿತವಾದ ಸೌರ ದೀಪ ಹಾಕಿಸುವ ಪಂಚಾಯತಿಯು ಬ್ಯಾಟರಿ ಬದಲಿಸುವ ಖರ್ಚನ್ನು ಆಯವ್ಯಯ ಪತ್ರಿಕೆಯಲ್ಲಿ ಮೊದಲೇ ಕಾಣಿಸತಕ್ಕದ್ದು.

ಖಾಸಗಿ ಶಾಲೆಗಳ ಬಳಕೆಯು ಹಗಲಿನದು, ಆದರೆ ಬೇಸಗೆಯ ಬಿಸಿಲು ಹೇರಳವಾಗಿರುವಾಗ ಶಾಲೆಗೆ ರಜೆ. ಯಲ್ಲಮ್ಮನ ಗುಡ್ಡದ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಂಥ ಜಾತ್ರೆಗಳಲ್ಲಿ ಛತ್ರಗಳ ಬಳಕೆಯು ಕೆಲವು ರಾತ್ರಿಗಳಲ್ಲಿ ಏರಿ ಉಳಿದ ವರ್ಷ ಇಳಿದಿರುತ್ತದೆ. ಇಂಥಲ್ಲಿ ಜಾತ್ರೆಯ ತಿಂಗಳ ಬಿಲ್ಲನ್ನು ನೋಡಿ ಯಂತ್ರದ ಅಳತೆಯನ್ನು ಗೊತ್ತುಮಾಡುವದು ತಪ್ಪು.

೫. ದರಪಟ್ಟಿಯಲ್ಲಿ ಕಾಣದ ಬಾಬುಗಳು

(ಅ) ಬಿಲ್ಲಿನಲ್ಲಿರುವ ನಿಗದಿತ ಶುಲ್ಕವು ಮಂಜೂರಾದ ಲೋಡಿನ ಮೇಲೆ ಬೀಳುವಂಥದು. ಫಲಕ ಹಾಕಿದರೂ ಅದು ಇಳಿಯುವದಿಲ್ಲ. ಯುನಿಟ್ಟಿನ ದರವನ್ನಷ್ಟೇ ಉಳಿತಾಯವೆಂದು ಹಿಡಿಯಬೇಕು. ಬಿಲ್ಲಿನ ಒಟ್ಟು ಮೊತ್ತವನ್ನು ಯುನಿಟ್ಟಿನಿಂದ ಭಾಗಿಸಿ ತೋರಿಸುವ ಲೆಕ್ಕ ತಪ್ಪಾದದ್ದು.

(ಆ) ಫಲಕವು ವರ್ಷದಿಂದ ವರ್ಷಕ್ಕೆ ನೂರಕ್ಕೆ ಅರ್ಧದಿಂದ ಮುಕ್ಕಾಲಿನಷ್ಟು ಶಕ್ತಿಗುಂದುತ್ತದೆ. ಇನ್ವರ್ಟರು ಎಂಟರಿಂದ ಹನ್ನೆರಡು ವರ್ಷಗಳೊಳಗೆ ಬದಲಿಸಲು ಬರುತ್ತದೆ. ಅದಕ್ಕಾಗಿ ಹಣ ತೆಗೆದಿಡದ ಸಂಸ್ಥೆಯ ಮಾಳಿಗೆಯ ಮೇಲೆ ಹತ್ತನೆಯ ವರ್ಷ ಒಳ್ಳೆಯ ಫಲಕಗಳು ನಿರುಪಯೋಗಿಯಾಗಿ ಬಿದ್ದಿರುವವು.

(ಇ) ಎರೆ ಹೊಲದ ಧೂಳು, ರಾಶಿಯ ಹೊಟ್ಟು, ಜಿನ್ನಿಂಗಿನ ಅರಳೆಯ ನವಿರು ಫಲಕದ ಮೇಲೆ ಕೂತರೆ ಉತ್ಪನ್ನವು ಇಳಿಯುತ್ತದೆ. ಒಣ ದಿನಗಳಲ್ಲಿ ಎರಡು ವಾರಕ್ಕೊಮ್ಮೆಯಾದರೂ ಬೆಳಗಿನ ತಂಪಿನಲ್ಲಿ ತಿಳಿನೀರಿನಿಂದ ತೊಳೆಯಬೇಕು. ಕಾದ ಫಲಕದ ಮೇಲೆ ತಣ್ಣೀರು ಹಾಕಬಾರದು. ಸವಳು ನೀರು ಕಲೆ ಕಟ್ಟುವದರಿಂದ ಅದನ್ನು ಉಪಯೋಗಿಸಬಾರದು.

(ಈ) ಮಣ್ಣಿನ ಮಾಳಿಗೆ ಮತ್ತು ಹಳೆಯ ಹಂಚಿನ ಛಾವಣಿಗಳು ಫಲಕದ ಭಾರಕ್ಕೂ ಗಾಳಿಯ ಸೆಳೆತಕ್ಕೂ ತಕ್ಕವಲ್ಲ. ಸಿಮೆಂಟಿನ ಮಾಳಿಗೆಯು ಸೋರುತ್ತಿದ್ದರೆ ಮೊದಲು ಅದರ ದುರಸ್ತಿಯಾಗಬೇಕು. ಫಲಕ ಕೂಡ್ರಿಸಿದ ಮೇಲೆ ದುರಸ್ತಿಗೆ ಇಮ್ಮಡಿ ಖರ್ಚು. ಗಿಡದ ನೆರಳು ಒಂದು ಫಲಕದ ಮೇಲೆ ಬಿದ್ದರೂ ಅದರೊಡನೆ ಸಾಲಾಗಿ ಜೋಡಿಸಿದ ಫಲಕಗಳ ಉತ್ಪನ್ನವೂ ಇಳಿಯಬಹುದು.

೬. ಸಹಾಯಧನ ಮತ್ತು ಕರಾರುಗಳ ಬಗ್ಗೆ ಎಚ್ಚರಿಕೆ

೨೦೨೪ರ ಫೆಬ್ರುವರಿಯಲ್ಲಿ ಆರಂಭವಾದ ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟಿಗೆ ತಲಾ ರೂ. ೩೦,೦೦೦, ಮೂರನೆಯದಕ್ಕೆ ರೂ. ೧೮,೦೦೦, ಹೀಗೆ ಹೆಚ್ಚೆಂದರೆ ರೂ. ೭೮,೦೦೦ ಸಹಾಯಧನವನ್ನು ಗೊತ್ತುಪಡಿಸಲಾಯಿತು. ಅದು ವಾಸದ ಮನೆಗಳಿಗಾಗಿ ಇರುವದು. ಸಂಘದ ಗಿರಣಿಗಾಗಲಿ ಕಲ್ಯಾಣ ಮಂಟಪಕ್ಕಾಗಲಿ ಸಲ್ಲುವದಿಲ್ಲ. ದರಪಟ್ಟಿಯಲ್ಲಿ ಆ ಸಹಾಯಧನವನ್ನು ಕಳೆದು ತೋರಿಸಿದ್ದರೆ ಅಂಥ ದರಪಟ್ಟಿಯನ್ನು ತಿರುಗಿ ಕಳಿಸತಕ್ಕದ್ದು. ಫಲಕಗಳ ಮೇಲಿನ ಸವಕಳಿಯಿಂದ ಆದಾಯಕರದಲ್ಲಿ ಉಳಿತಾಯವೆಂದು ತೋರಿಸುವದೂ ಉಂಟು. ಕರ ಕೊಡದ ಸಂಸ್ಥೆಗೆ ಆ ಉಳಿತಾಯವಿಲ್ಲ. ಸೌರ ಸಾಮಗ್ರಿಗಳ ಮೇಲಿನ ಜಿ.ಎಸ್.ಟಿ.ಯು ೨೦೨೫ರ ಸೆಪ್ಟೆಂಬರ ೨೨ರಿಂದ ನೂರಕ್ಕೆ ೧೨ರಿಂದ ೫ಕ್ಕೆ ಇಳಿದಿದೆ. ಅದಕ್ಕೂ ಹಿಂದಿನ ದರಪಟ್ಟಿಗಳನ್ನು ಹೊಸದಾಗಿ ತರಿಸಿಕೊಳ್ಳುವದು ಯೋಗ್ಯ.

ಲೈನಿಗೆ ಮಾರುವ ದರವು ಕರಾರು ಮಾಡಿಕೊಂಡ ಕಾಲಕ್ಕೆ ತಕ್ಕಂತೆ ಬೇರೆ ಬೇರೆ. ೨೦೧೩ರಲ್ಲಿ ಆಯೋಗವು ಸಹಾಯಧನವಿಲ್ಲದ ಮಾಳಿಗೆಯ ಯಂತ್ರಗಳಿಗೆ ಯುನಿಟ್ಟಿಗೆ ರೂ. ೯.೫೬ ಗೊತ್ತುಪಡಿಸಿತ್ತು. ಫಲಕಗಳ ಬೆಲೆ ಇಳಿದಂತೆ ಆ ದರವನ್ನೂ ಇಳಿಸಲಾಯಿತು. ಆಗ ಕರಾರು ಮಾಡಿಕೊಂಡವರ ಉತ್ಪನ್ನವನ್ನು ನೋಡಿ ಈಗ ಹಾಕಿಸುವವರು ಆಸೆಪಡಬಾರದು. ಗುಜರಾತದ ಖೇಡಾ ಜಿಲ್ಲೆಯ ಢುಂಡಿ ಗ್ರಾಮದಲ್ಲಿ ೨೦೧೬ರಲ್ಲಿ ಒಕ್ಕಲಿಗರ ಸೌರ ಸಹಕಾರಿ ಸಂಘವು ವಿದ್ಯುತ್ ಕಂಪನಿಗೆ ಯುನಿಟ್ಟಿಗೆ ರೂ. ೪.೬೩ರಂತೆ ೨೫ ವರ್ಷಗಳ ಕರಾರು ಮಾಡಿಕೊಂಡಿತು. ಅಲ್ಲಿ ಪಂಪಿಗೆ ಬೇಡವಾದ ಬಿಸಿಲಿಗೂ ಬೆಲೆ ಬಂದದ್ದು ಆ ಕರಾರಿನ ಬಲದಿಂದ. ನಮ್ಮ ರಾಜ್ಯದ ಕನಕಪುರ ತಾಲೂಕಿನ ಹಾರೋಬೆಲೆಯಲ್ಲಿ ಸೂರ್ಯ ರೈತ ಯೋಜನೆಯಂತೆ ಪಂಪುಸೆಟ್ಟುಗಳಿಗೆ ಫಲಕ ಹಾಕಿ ಒಕ್ಕಲಿಗರ ಸಹಕಾರಿ ಸಂಘವನ್ನು ಕಟ್ಟಿದಾಗಲೂ ಉಳಿಕೆ ವಿದ್ಯುತ್ತನ್ನು ಬೆಸ್ಕಾಂ ಕೊಳ್ಳುವದೆಂಬದೇ ಯೋಜನೆಗೆ ಆಧಾರವಾಗಿತ್ತು. ದರವೂ ಅವಧಿಯೂ ಕಾಗದದ ಮೇಲೆ ಇಲ್ಲದೆ ಇಂಥ ಕೆಲಸಕ್ಕೆ ಕೈ ಹಾಕಬಾರದು.

ಕೆಲವು ಕಂಪನಿಗಳು ತಮ್ಮ ಖರ್ಚಿನಿಂದಲೇ ಫಲಕ ಹಾಕಿ, ಹುಟ್ಟಿದ ವಿದ್ಯುತ್ತನ್ನು ಸಂಸ್ಥೆಗೆ ಮಾರುವದಾಗಿ ಮುಂದೆ ಬರುತ್ತವೆ. ಭಾಂಡವಲಿಲ್ಲದ ಸಂಸ್ಥೆಗೆ ಇದು ಅನುಕೂಲವೇ. ಆದರೆ ವರ್ಷಕ್ಕೆ ಇಷ್ಟು ಯುನಿಟ್ ಕೊಳ್ಳಲೇಬೇಕೆಂಬ ಕಟ್ಟಳೆ ಇದೆಯೇ, ದರವು ವರ್ಷವರ್ಷಕ್ಕೆ ಏರುವದೇ, ಮಾಳಿಗೆಯ ದುರಸ್ತಿಗೆ ಫಲಕ ತೆಗೆಯುವ ಖರ್ಚು ಯಾರದು, ಅವಧಿಯ ನಡುವೆ ಬಿಡುಗಡೆ ಹೇಗೆ ಎಂಬ ನಾಲ್ಕು ಮಾತುಗಳನ್ನು ಓದಿ ತಿಳಿದ ಹೊರತು ಸಹಿ ಮಾಡಕೂಡದು.

೭. ಪ್ರಮುಖರು ಅನುಸರಿಸಬೇಕಾದ ಕ್ರಮ

ಮೊದಲು ಹನ್ನೆರಡು ತಿಂಗಳ ಬಿಲ್ಲುಗಳನ್ನು ಕೂಡಿಸಿ ಯುನಿಟ್ಟುಗಳನ್ನೂ ದರವನ್ನೂ ಬರೆದುಕೊಳ್ಳಬೇಕು. ಬಳಿಕ ಒಂದು ವಾರ ಮುಂಜಾನೆ ಎಂಟಕ್ಕೂ ಸಂಜೆ ಐದಕ್ಕೂ ಮೀಟರನ್ನು ನೋಡಿ ಹಗಲಿನ ಬಳಕೆ ಎಷ್ಟೆಂಬದನ್ನು ತೆಗೆಯಬೇಕು. ಪೋಲಾಗುವ ವಿದ್ಯುತ್ತನ್ನು ಮೊದಲು ತಡೆಯಬೇಕು. ಹಳೆಯ ಮೋಟರನ್ನೂ ದೀಪಗಳನ್ನೂ ಬದಲಿಸುವದರಿಂದ ಆಗುವ ಉಳಿತಾಯವು ಬಹಳ ಕಡೆ ಫಲಕಕ್ಕಿಂತ ಅಗ್ಗವಾಗಿರುತ್ತದೆ. ನಂತರ ಹೆಸ್ಕಾಂದಿಂದ ಮಾಪನದ ಪದ್ಧತಿ ಮತ್ತು ದರವನ್ನು ಬರಹದಲ್ಲಿ ಪಡೆದು, ಮೂವರಿಗೆ ಕಡಿಮೆಯಾಗದಂತೆ ದರಪಟ್ಟಿ ತರಿಸಿ, ವರ್ಷಕ್ಕೆ ಇಷ್ಟು ಯುನಿಟ್ ಹುಟ್ಟುವದೆಂಬ ಜವಾಬ್ದಾರಿಯನ್ನು ಮಾರುವವರಿಂದ ಬರೆಯಿಸಿಕೊಳ್ಳಬೇಕು. ಪಂಚಾಯತಿಯು ಟೆಂಡರಿನ ನಿಯಮಗಳನ್ನು ಪಾಲಿಸತಕ್ಕದ್ದು. ಸಂಘವು ಆಪದ್ಧನಕ್ಕೆ ಕೈ ಹಾಕುವ ಮೊದಲು ಸಹಕಾರ ಖಾತೆಯ ಅಧಿಕಾರಿಗಳನ್ನು ಕೇಳಿ, ಲೆಕ್ಕವನ್ನು ಸರ್ವಸಾಧಾರಣ ಸಭೆಯಲ್ಲಿ ಓದಿ ಹೇಳತಕ್ಕದ್ದು.

ಖರ್ಚು ಕಳೆದ ವಾರ್ಷಿಕ ಉಳಿತಾಯವು ಸಾಲದ ಮೊದಲ ವರ್ಷದ ಬಡ್ಡಿಗಿಂತ ಕಡಿಮೆಯಾಗಿದ್ದರೆ ಸಾಲ ಮಾಡಿ ಫಲಕ ಹಾಕಿಸಕೂಡದು. ಉಳಿತಾಯವು ಬಡ್ಡಿಯ ಒಂದೂ ಕಾಲು ಪಟ್ಟಿಗಿಂತ ಹೆಚ್ಚಾಗಿದ್ದರೆ ಮಾತ್ರ ಮುಂದುವರಿಯುವದು ಕ್ಷೇಮ. ಇವೆರಡರ ನಡುವೆ ಇದ್ದರೆ ಚಿಕ್ಕ ಯಂತ್ರದಿಂದ ಆರಂಭಿಸಿ, ಎರಡು ವರ್ಷಗಳ ಉತ್ಪನ್ನವನ್ನು ನೋಡಿ ಹೆಚ್ಚಿಸುವದು ಒಳ್ಳೆಯದು. ಫಲಕಗಳನ್ನು ಮುಂದೆ ಕೂಡಿಸಲು ಬರುತ್ತದೆ, ಒಮ್ಮೆ ಮಾಡಿದ ಸಾಲವನ್ನು ಚಿಕ್ಕದು ಮಾಡಲು ಬಾರದು. ಯಂತ್ರ ಕೂಡ್ರಿಸಿದ ಮೇಲೆ ಪ್ರತಿ ತಿಂಗಳ ಮೊದಲ ದಿನ ಹುಟ್ಟಿದ ಯುನಿಟ್ಟುಗಳನ್ನು ಒಂದು ವಹಿಯಲ್ಲಿ ಬರೆದಿಟ್ಟು ವರ್ಷದ ಕೊನೆಗೆ ಸದಸ್ಯರ ಮುಂದೆ ಇಡತಕ್ಕದ್ದು. ಉತ್ಪನ್ನವು ಕಾರಣವಿಲ್ಲದೆ ಕುಗ್ಗಿದ್ದು ಆ ವಹಿಯಿಂದಲೇ ಬೇಗನೆ ತಿಳಿದುಬರುವದು, ಮತ್ತು ಮಾರಿದವರ ಹೊಣೆಯ ಅವಧಿ ಮುಗಿಯುವ ಮೊದಲೇ ದುರಸ್ತಿ ಮಾಡಿಸಿಕೊಳ್ಳಲು ಅನುಕೂಲವಾಗುವದು.